ಓನರ್ ನೀವೇನಾ ಅಂತ ಕೇಳಿದ್ರು

ಏಪ್ರಿಲ್ ಬಂತು ಅಂದ್ರೆ ನಮ್ಮ ಕಮ್ಯೂನಿಟಿ ವಾಟ್ಸಾಪ್ ಗ್ರೂಪಲ್ಲಿ ಮನೆ ತೆರಿಗೆ ಬಿಟ್ಟು ಬೇರೆ ಮಾತೇ ಇರಲ್ಲ. ನಿಮ್ಮದೆಷ್ಟು ಬಂತು, ನಮ್ಮದಿಷ್ಟು ಬಂತು, ಈ ಸಲ ಪ್ರೊಟೆಸ್ಟ್ ನೀವೇ ಮಾಡ್ತೀರಾ ಇಲ್ಲಾ ಯಾರಿಗಾದ್ರೂ ಕೊಡ್ತೀರಾ, ಇದೇ. ಟೆಕ್ಸಾಸಿನ ಡಲ್ಲಾಸಿಂದ ಉತ್ತರಕ್ಕಿರೋ ಈ ಊರುಗಳಲ್ಲಿ ಮನೆ ತಗೊಂಡಿರೋ ಎಲ್ಲರಿಗೂ ಗೊತ್ತಿರೋದೇ, ಕೌಂಟಿಯ (ನಮ್ಮ ಜಿಲ್ಲೆ ಥರ) ಅಪ್ರೈಸಲ್ ಡಿಸ್ಟ್ರಿಕ್ಟಿಂದ, ಅಂದ್ರೆ ತೆರಿಗೆಗೆ ಮನೆ ಬೆಲೆ ಕಟ್ಟೋ ಆಫೀಸಿಂದ, ಒಂದು ಕವರ್ ಬರುತ್ತೆ, ಅದರಲ್ಲಿ ಜನವರಿ 1ನೇ ತಾರೀಕಿಗೆ ನಿಮ್ಮ ಮನೆ ಬೆಲೆ ಇಷ್ಟು ಅಂತ ಬರೆದಿರುತ್ತೆ. ಆ ಬೆಲೆ ಜಾಸ್ತಿ ಆಯ್ತು ಅಂತ ಹಾಕೋ ತಕರಾರೇ ಪ್ರೊಟೆಸ್ಟ್. ಈ ವರ್ಷ ಗ್ರೂಪಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ "ಅಕ್ಕಾ, ನಾವು ವೀಸಾ ಮೇಲಿರೋರು, ನಮಗೆ ಹೋಮ್‌ಸ್ಟೆಡ್ ಎಕ್ಸೆಂಪ್ಷನ್ ಎಲ್ಲಾ ಬರಲ್ಲ ಅಲ್ವಾ" ಅಂತ ಹಾಕಿದ್ಲು (ಸ್ವಂತ ಮನೇಲಿ ತಾವೇ ವಾಸ ಇರೋರಿಗೆ ಮನೆ ತೆರಿಗೆಯಲ್ಲಿ ಸಿಗೋ ವಿನಾಯಿತಿ). ಅದು ಪ್ರಶ್ನೆ ಆಗಿರಲಿಲ್ಲ, ಗೊತ್ತಿರೋ ವಿಷಯನ ಇನ್ನೊಂದ್ಸಲ ಹೇಳಿಕೊಂಡ ಹಾಗಿತ್ತು. ನಾನೂ 2020ರಲ್ಲಿ ಇಷ್ಟೇ ಗಟ್ಟಿಯಾಗಿ ಹೀಗೇ ಹೇಳ್ತಿದ್ದೆ. ಅವಳಿಗೆ ಅಲ್ಲೇ ಎರಡು ಸಾಲಲ್ಲಿ ಉತ್ತರ ಕೊಟ್ಟೆ, ಆದ್ರೆ ಆ ಎರಡು ಸಾಲಿನ ಹಿಂದೆ ನಮ್ಮ ಎರಡು ವರ್ಷ ಇತ್ತು, ಅದನ್ನ ಒಂದ್ಸಲ ಪೂರ್ತಿ ಬರೀಬೇಕು ಅನ್ನಿಸ್ತು.

ನಾನು ಇಲ್ಲಿಗೆ ಬಂದಿದ್ದು ಎಚ್-4 ಮೇಲೆ, ಅಂದ್ರೆ ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಗೆ ಕೊಡೋ ವೀಸಾ. ಡಿಪೆಂಡೆಂಟ್. ಬ್ಯಾಂಕಲ್ಲಿ, ಇನ್ಶೂರೆನ್ಸಲ್ಲಿ, ಡಾಕ್ಟರ್ ಹತ್ರ ಹೋದಾಗ ತುಂಬೋ ಫಾರ್ಮಲ್ಲಿ, ಎಲ್ಲಾ ಕಡೆ ಇವರ ಹೆಸರು ಮೇಲೆ, ನನ್ನ ಹೆಸರು ಕೆಳಗೆ. ಕೆಲಸ ಮಾಡೋ ಹಾಗಿಲ್ಲ, ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲ. ಊರಲ್ಲಿ ಆರು ವರ್ಷ ಕಾಲೇಜಲ್ಲಿ ಪಾಠ ಮಾಡಿ ಬಂದವಳಿಗೆ ಆ ಪದ ದಿನಾ ಒಂದ್ಸಲ ಚುಚ್ತಿತ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಮನೆ ತಗೊಂಡಾಗ ಡೀಡಲ್ಲಿ (ಮನೆ ಪತ್ರದಲ್ಲಿ) ಇಬ್ಬರ ಹೆಸರೂ ಹಾಕ್ಸಿದ್ವಿ, ಅದಕ್ಕೆ ಮುಂದೆ ಎಷ್ಟು ಬೆಲೆ ಬರುತ್ತೆ ಅಂತ ಆವತ್ತು ನನಗೆ ಗೊತ್ತಿರಲಿಲ್ಲ.

ಬರೀ ಸೈಟಿನ ತೆರಿಗೆ

2020ರ ಆಗಸ್ಟಲ್ಲಿ ಕ್ಲೋಸಿಂಗ್ ಆಯ್ತು, ಅಂದ್ರೆ ಸೈನ್ ಎಲ್ಲಾ ಮುಗಿದು ಮನೆ ನಮ್ಮ ಹೆಸರಿಗೆ ಬಂತು. ಹೊಸ ಮನೆ, ಬಿಲ್ಡರ್ ಕಟ್ಟಿಕೊಟ್ಟಿದ್ದು. ತಿಂಗಳಿಗೆ 1,730 ಡಾಲರ್ ಪೇಮೆಂಟ್, ಅದರಲ್ಲೇ ಸಾಲದ ಕಂತು, ತೆರಿಗೆ, ಇನ್ಶೂರೆನ್ಸ್ ಎಲ್ಲಾ. ತೆರಿಗೆ ದುಡ್ಡನ್ನ ಸಾಲ ಕೊಟ್ಟವರೇ ತಿಂಗಳು ತಿಂಗಳು ಎಸ್ಕ್ರೋ ಅಂತ ಹಿಡ್ಕೊಂಡು ವರ್ಷದ ಕೊನೆಗೆ ಕೌಂಟಿಗೆ ಕಟ್ತಾರೆ, ಹಾಗಾಗಿ ನಾವು ತೆರಿಗೆ ಬಿಲ್ಲಿನ ಮುಖ ಕೂಡ ನೋಡಿರಲಿಲ್ಲ. ಬಾಡಿಗೆಗಿಂತ ಕಮ್ಮಿ ಆಯ್ತಲ್ಲ ಅಂತ ಖುಷಿಯಾಗಿ ಸೋಫಾ ತಗೊಂಡ್ವಿ, ಹಿತ್ತಲಿಗೆ ಕರಿಬೇವಿನ ಕುಂಡ ತಂದ್ವಿ.

2022ರ ಶುರುವಲ್ಲಿ ಎಸ್ಕ್ರೋ ಅನಾಲಿಸಿಸ್ ಅಂತ ಒಂದು ಕಾಗದ ಬಂತು. ಮುಂದಿನ ತಿಂಗಳಿಂದ ಪೇಮೆಂಟ್ 2,960 ಡಾಲರ್. ಇವರು ಪ್ರಿಂಟಿಂಗ್ ಮಿಸ್ಟೇಕ್ ಅಂದ್ರು. ನಾನು ಆ ಕಾಗದನ ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು ರಾತ್ರಿ ಒಂದು ಗಂಟೆವರೆಗೂ ಕೂತಿದ್ದೆ, ಮಗು ಮಲಗಿತ್ತು, ಪಕ್ಕದಲ್ಲಿ ಬೆಳಗ್ಗೆಗೆ ನೆನೆಹಾಕಿದ ಅವಲಕ್ಕಿ ಬಟ್ಟಲು. ಆವತ್ತು ರಾತ್ರಿ ಅರ್ಥ ಆಗಿದ್ದು ಇದು. ಟೆಕ್ಸಾಸಲ್ಲಿ ಆ ವರ್ಷದ ಜನವರಿ 1ಕ್ಕೆ ಜಾಗದಲ್ಲಿ ಏನಿತ್ತೋ ಅದಕ್ಕೇ ತೆರಿಗೆ. 2020ರ ಜನವರಿ 1ಕ್ಕೆ ನಮ್ಮ ಜಾಗದಲ್ಲಿ ಮನೆನೇ ಇರಲಿಲ್ಲ, ಬರೀ ಸೈಟು, 85 ಸಾವಿರ ಡಾಲರಿಂದು. ಆ ಸೈಟಿನ ತೆರಿಗೆ ಲೆಕ್ಕದಲ್ಲೇ ಎಸ್ಕ್ರೋ ಶುರುವಾಗಿತ್ತು. 2021ರಲ್ಲಿ ಪೂರ್ತಿ ಮನೆಗೆ, 4,10,000 ಡಾಲರಿಗೆ ಲೆಕ್ಕ ಹಾಕಿದ್ರು. ನಮ್ಮ ಕಡೆ ಸ್ಕೂಲ್ ಡಿಸ್ಟ್ರಿಕ್ಟ್, ಸಿಟಿ, ಕೌಂಟಿ, ಕಮ್ಯೂನಿಟಿ ಕಾಲೇಜ್ ಎಲ್ಲರ ರೇಟೂ ಕೂಡಿಸಿದ್ರೆ 100 ಡಾಲರ್ ಬೆಲೆಗೆ 2 ಡಾಲರ್ 10 ಸೆಂಟಿನ ಆಸುಪಾಸು ಬರ್ತಿತ್ತು, ಅಂದ್ರೆ ವರ್ಷಕ್ಕೆ 8,600. ಕಟ್ಟಿದ್ದು ಸೈಟಿನ ಲೆಕ್ಕ, ಬಂದಿದ್ದು ಮನೆ ಲೆಕ್ಕ. ಆ ಕೊರತೆ ತುಂಬಬೇಕು, ಮುಂದಿನ ವರ್ಷದ್ದೂ ಕಟ್ಟಬೇಕು, ಮೇಲೆ ಎರಡು ತಿಂಗಳ ಮುಂಗಡ ಅವರ ಹತ್ರ ಇರಬೇಕು, ಮೂರೂ ಸೇರಿ ಆ ಅಂಕಿ. ಯಾರೂ ಮೋಸ ಮಾಡಿರಲಿಲ್ಲ. ಕ್ಲೋಸಿಂಗ್ ದಿನ ಸೈನ್ ಮಾಡಿದ ಕಾಗದಗಳ ಕಟ್ಟಲ್ಲಿ ಎಲ್ಲೋ ಒಂದು ಕಡೆ ಇದೂ ಇತ್ತು. ಹೊಸ ಮನೆ ತಗೊಳ್ಳೋರಿಗೆ ನಾನು ಮೊದಲು ಹೇಳೋದು ಇದನ್ನೇ, ಮೊದಲ ವರ್ಷದ ಪೇಮೆಂಟ್ ನಂಬ್ಕೊಂಡು ಸೋಫಾ ತಗೋಬೇಡಿ.

ಅದಾಗಿ ಎರಡೇ ತಿಂಗಳಿಗೆ ಏಪ್ರಿಲ್ ಕವರ್. 2022, ಇಲ್ಲಿ ಮನೆ ಬೆಲೆ ಹುಚ್ಚೆದ್ದು ಏರಿದ ವರ್ಷ. ನಮ್ಮ ಮನೆ ಬೆಲೆ 5,60,000 ಅಂತ ಬರೆದಿತ್ತು. ಒಂದೇ ವರ್ಷಕ್ಕೆ ಒಂದೂವರೆ ಲಕ್ಷ. ಎದುರುಮನೆಯವರದ್ದು ನಮ್ಮ ಹಾಗೇ ಇರೋ ಮನೆ, ಅದೇ ಬಿಲ್ಡರ್, ಅದೇ ನಕ್ಷೆ. ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಯಾರ ಮನೆ ವಿವರ ಬೇಕಾದ್ರೂ ನೋಡಬಹುದು, ನೋಡಿದೆ. ಅವರ ಮಾರ್ಕೆಟ್ ವ್ಯಾಲ್ಯೂ ನಮ್ಮಷ್ಟೇ, ಆದ್ರೆ ಕೆಳಗಿನ ಸಾಲಲ್ಲಿ, ತೆರಿಗೆ ಹಾಕೋ ಬೆಲೆ ಅನ್ನೋ ಕಡೆ, ನಮಗಿಂತ ಲಕ್ಷ ಕಮ್ಮಿ. ಇದು ಅನ್ಯಾಯ ಅಂತಲೇ ಅಂದ್ಕೊಂಡೆ. ಮೇ 15ರ ಒಳಗೆ ಪ್ರೊಟೆಸ್ಟ್ ಹಾಕಬೇಕು ಅಂತ ಗ್ರೂಪಲ್ಲಿ ಓದಿ, ಹಾಕಿದೆ.

ಆ ಡೆಸ್ಕಿನ ಮುಂದೆ

ಜೂನಲ್ಲಿ ಒಂದು ಬುಧವಾರ ಆ ಪ್ರೊಟೆಸ್ಟಿಗೆ ಅಪ್ರೈಸಲ್ ಡಿಸ್ಟ್ರಿಕ್ಟ್ ಆಫೀಸಿಗೆ ಹೋಗಬೇಕಿತ್ತು. ಇವರಿಗೆ ಆಫೀಸಲ್ಲಿ ರಿಲೀಸ್ ಇತ್ತು, ಬರೋಕಾಗಲ್ಲ, "ನೀನೇ ಹೋಗ್ಬಾ" ಅಂದ್ರು. ನನಗೆ ಕೈಕಾಲು ತಣ್ಣಗಾಯ್ತು. ಸರ್ಕಾರಿ ಆಫೀಸು, ಇಂಗ್ಲಿಷಲ್ಲಿ ವಾದ ಮಾಡಬೇಕು, ಮೇಲೆ ವೀಸಾ ಕೇಳ್ತಾರೇನೋ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇವರ ಫೈಲಿಗೆ ತೊಂದ್ರೆ ಆಗುತ್ತೇನೋ ಅಂತ ಏನೇನೋ ಯೋಚನೆ. ಪಾಸ್‌ಪೋರ್ಟು, ವೀಸಾ ಪೇಪರು, ಡೀಡು, ಮನೆ ಫೋಟೋ, ಪಕ್ಕದ ಬೀದಿಯ ಮನೆಗಳ ಬೆಲೆ ಬರೆದ ಪಟ್ಟಿ, ಎಲ್ಲಾ ಒಂದು ಫೈಲಲ್ಲಿ ಹಾಕ್ಕೊಂಡು ಹೋದೆ.

ಡೆಸ್ಕಲ್ಲಿದ್ದ ಹೆಂಗಸಿಗೆ ನಮ್ಮಮ್ಮನ ವಯಸ್ಸಿರಬೇಕು. ಕೂತ್ಕೊಳ್ಳಿ ಅಂದ್ರು, ಕಂಪ್ಯೂಟರಲ್ಲಿ ಮನೆ ನಂಬರ್ ಹಾಕಿದ್ರು, ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು, "ಓನರ್ ನೀವೇನಾ?" ನಾನು ಫೈಲಿಂದ ವೀಸಾ ಪೇಪರ್ ತೆಗೆಯೋಕೆ ಹೋದೆ. ಅದು ಬೇಡ, ಈ ಹೆಸರು ನಿಮ್ಮದೇನಾ ಅಂತ ಸ್ಕ್ರೀನ್ ತಿರುಗಿಸಿ ತೋರಿಸಿದ್ರು. ಇವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರಿತ್ತು, ಅದೇ ಅಕ್ಷರ, ಅದೇ ಸೈಜು. ಹೌದು ಅಂದೆ. ಅಷ್ಟೇ, ಬೇರೆ ಏನೂ ಕೇಳಲಿಲ್ಲ. ಈ ದೇಶಕ್ಕೆ ಬಂದು ಐದು ವರ್ಷದಲ್ಲಿ ಒಂದು ಆಫೀಸಲ್ಲಿ ನಾನು ಯಾರ ಹೆಂಡತಿ, ಯಾವ ವೀಸಾ ಅಂತ ಕೇಳದೆ ಮಾತು ಶುರುವಾಗಿದ್ದು ಅದೇ ಮೊದಲು. ಅದನ್ನ ಬರೆಯುವಾಗ ಈಗಲೂ ಗಂಟಲು ಕಟ್ಟುತ್ತೆ.

ನಾನು ಪಟ್ಟಿ ಬಿಚ್ಚಿ ಶುರು ಮಾಡಿದೆ. ಅವರು ಎರಡು ನಿಮಿಷ ಕೇಳಿಸ್ಕೊಂಡು ಕೈ ಅಡ್ಡ ತೋರಿಸಿ, "ನೀವು ಇದೇ ಮನೇಲಿ ವಾಸ ಇದೀರಾ?" ಅಂದ್ರು. ಇದೀವಿ. "ಯಾವಾಗಿಂದ?" 2020ರ ಆಗಸ್ಟಿಂದ. "ಮತ್ತೆ ಹೋಮ್‌ಸ್ಟೆಡ್ ಯಾಕಿಲ್ಲ?" ನಾವು ಸಿಟಿಜನ್ ಅಲ್ಲ ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮಾ ಅನ್ನೋ ಅರ್ಥದಲ್ಲಿ ಏನೋ ಹೇಳಿದ್ರು, ಅವರ ಮಾತು ಅಕ್ಷರಶಃ ನೆನಪಿಲ್ಲ, ಆ ಮೆತ್ತಗಿನ ದನಿ ನೆನಪಿದೆ.

ಅವರು ವಿವರಿಸಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಮನೆ ನಿಮ್ಮ ಹೆಸರಲ್ಲಿರಬೇಕು, ನೀವು ಅದರಲ್ಲೇ ವಾಸ ಇರಬೇಕು, ಅದೇ ನಿಮ್ಮ ಮುಖ್ಯ ಮನೆ ಆಗಿರಬೇಕು, ಬೇರೆ ಕಡೆ ಇದೇ ಥರ ವಿನಾಯಿತಿ ತಗೊಂಡಿರಬಾರದು, ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸಲ್ಲಿ ಅದೇ ಅಡ್ರೆಸ್ ಇರಬೇಕು. ಇಷ್ಟೇ. ಒಂದು ಫಾರ್ಮು, 50-114 ಅಂತ ಅದರ ನಂಬರು, ಒಂದು ಪೈಸೆ ಫೀಸಿಲ್ಲ. (ಮನೆ ತಗೊಂಡ ಹೊಸದರಲ್ಲಿ ಸರ್ಕಾರಿ ಕಾಗದದ ಥರಾನೇ ಕಾಣೋ ಪತ್ರ ಬರುತ್ತೆ, ಇಷ್ಟು ದುಡ್ಡು ಕಳಿಸಿ ಹೋಮ್‌ಸ್ಟೆಡ್ ಮಾಡಿಸಿಕೊಡ್ತೀವಿ ಅಂತ. ದಯವಿಟ್ಟು ಕಳಿಸಬೇಡಿ.) ಕೊಡೋಕೆ ಏಪ್ರಿಲ್ 30 ಕಡೇ ದಿನ, ಆದ್ರೆ ತಡ ಆದವರಿಗೂ ದಾರಿ ಇದೆ. ಆ ವರ್ಷದ ತೆರಿಗೆ ಕಟ್ಟೋ ಗಡುವು ಮುಗಿದು ಎರಡು ವರ್ಷದವರೆಗೂ ಹಳೇದಕ್ಕೆ ಅರ್ಜಿ ಹಾಕಬಹುದು.

ಎದುರುಮನೆಯವರ ಆ ಒಂದು ಲಕ್ಷದ ಗುಟ್ಟೂ ಅಲ್ಲೇ ಬಿಚ್ಚಿಕೊಳ್ತು. ವಿನಾಯಿತಿ ಅಂದ್ರೆ ಬಿಲ್ಲಲ್ಲಿ ಕಳೆಯೋದಲ್ಲ, ತೆರಿಗೆ ಹಾಕೋ ಬೆಲೆಯಲ್ಲಿ ಕಳೆಯೋದು. ಸ್ಕೂಲ್ ತೆರಿಗೆಗೆ 2021ರಲ್ಲಿ 25,000 ಡಾಲರ್ ಬಿಡ್ತಿದ್ರು, ಅಂದ್ರೆ ಕೈಗೆ ಉಳಿಯೋದು ಮುನ್ನೂರು ಚಿಲ್ಲರೆ. ಅಷ್ಟೇನಾ ಅನ್ಸುತ್ತೆ. ಆದ್ರೆ ಅದರ ಹಿಂದೆ ಇನ್ನೊಂದು ನಿಯಮ ತಾನಾಗೇ ಬರುತ್ತೆ, ಹೋಮ್‌ಸ್ಟೆಡ್ ಸಿಕ್ಕಿದ ಮುಂದಿನ ವರ್ಷದಿಂದ ಮಾರ್ಕೆಟ್ ಎಷ್ಟೇ ಏರಲಿ, ಹೊಸದಾಗಿ ಏನೂ ಕಟ್ಟಿಲ್ಲ ಅಂದ್ರೆ ತೆರಿಗೆ ಹಾಕೋ ಬೆಲೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಏರೋ ಹಾಗಿಲ್ಲ. ಎದುರುಮನೆಯವರು 2021ರಲ್ಲೇ ಆ ಫಾರ್ಮ್ ಹಾಕಿದ್ರು, ಹಾಗಾಗಿ 2022ಕ್ಕೆ ಅವರದ್ದು 4,51,000ಕ್ಕೆ ನಿಂತಿತ್ತು. ನಮಗೆ ತಡೆಯೋರೇ ಇರಲಿಲ್ಲ. ನಾನು ಅನ್ಯಾಯ ಅಂದ್ಕೊಂಡಿದ್ದು ಅನ್ಯಾಯ ಆಗಿರಲಿಲ್ಲ, ನಾವು ಕೇಳಿರಲಿಲ್ಲ ಅಷ್ಟೇ, ಅಲ್ಲಿ ಕೇಳದೆ ಕೊಡಲ್ಲ.

ಲೈಸೆನ್ಸಲ್ಲಿ ಇನ್ನೂ ಹಳೇ ಅಪಾರ್ಟ್‌ಮೆಂಟಿನ ಅಡ್ರೆಸ್ ಇತ್ತು. ಬದಲಾಯಿಸಿ, ಎರಡು ವರ್ಷದ ಕರೆಂಟ್ ಬಿಲ್ಲೂ ಜೊತೆಗಿಟ್ಟು, 2021ಕ್ಕೂ 2022ಕ್ಕೂ ಸೇರಿಸಿ ಅರ್ಜಿ ಹಾಕಿದೆ. ಹೋಮ್‌ಸ್ಟೆಡ್ 2021ರಿಂದಲೇ ಲೆಕ್ಕಕ್ಕೆ ಬಂದಿದ್ರಿಂದ 2022ಕ್ಕೆ ಆ ಹತ್ತರ ಮಿತಿ ನಮಗೂ ಅಂಟ್ಕೊಳ್ತು, ನಮ್ಮದೂ 4,51,000 ಆಯ್ತು. ಆ ಒಂದೇ ವರ್ಷಕ್ಕೆ 2,300 ಡಾಲರ್ ಹತ್ತಿರ ಉಳೀತು. ಹಳೇ ವರ್ಷದ್ದು ಚೆಕ್ ಬಂತು, ಚೆಕ್ ಮೇಲೆ ಇಬ್ಬರ ಹೆಸರೂ ಇತ್ತು, ನನ್ನ ಹೆಸರಿಗೆ ಬಂದ ಮೊದಲ ಚೆಕ್ ಅದು. ಬ್ಯಾಂಕಿಗೆ ಹಾಕೋ ಮುಂಚೆ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ.

ಆಮೇಲೆ ಓದಿ ತಿಳ್ಕೊಂಡಿದ್ದು, ಈ ಹೋಮ್‌ಸ್ಟೆಡ್ ಅನ್ನೋದು ಶುರುವಾಗಿದ್ದು ತೆರಿಗೆಗಲ್ಲ, ಸಾಲ ಮಾಡಿದವರಿಗೆ. ಟೆಕ್ಸಾಸ್ ಇನ್ನೂ ಬೇರೆ ದೇಶ ಆಗಿದ್ದಾಗ, 1839ರಲ್ಲಿ, ಸಾಲ ಕೊಟ್ಟವರು ಒಂದು ಸಂಸಾರ ಇರೋ ಮನೆ, 50 ಎಕರೆವರೆಗಿನ ಜಮೀನು ಮುಟ್ಟೋ ಹಾಗಿಲ್ಲ ಅಂತ ಕಾನೂನು ಮಾಡಿದ್ರು. ತೆರಿಗೆ ವಿನಾಯಿತಿ ಬಂದಿದ್ದು ಎಷ್ಟೋ ಆಮೇಲೆ, 1932ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ. ಎರಡರ ಹಿಂದೆಯೂ ಇರೋದು ಒಂದೇ ಭಯ, ಇರೋ ಸೂರು ಕೈ ತಪ್ಪಿ ಹೋಗೋ ಭಯ. ಸಾಲಕ್ಕೆ ಜಮೀನು ಹರಾಜಿಗೆ ಬರೋದನ್ನ ನೋಡಿರೋ ಕಡೆಯಿಂದ ಬಂದ ನನಗೆ ಅದನ್ನ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಪ್ಪ ಕೇಳಿದ್ದು

2024ರ ಬೇಸಿಗೆಗೆ ಅಪ್ಪ ಅಮ್ಮ ಬಂದ್ರು. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಲೆಕ್ಕ ಕಂಡ್ರೆ ಬಿಡಲ್ಲ. ತೆರಿಗೆ ಎಷ್ಟು ಕಟ್ತೀಯ ಅಂದ್ರು, ಹೇಳಿದೆ. ರೂಪಾಯಿಗೆ ಹಾಕ್ಕೊಂಡು ಸುಮ್ಮನಾದ್ರು. ಊರಲ್ಲಿ ಅವರು ಪುರಸಭೆಗೆ ವರ್ಷಕ್ಕೆ ಕಟ್ಟೋದು ನಾಲ್ಕು ಸಾವಿರ ಚಿಲ್ಲರೆ ರೂಪಾಯಿ, ಅದೂ ಏಪ್ರಿಲಲ್ಲೇ ಕಟ್ಟಿ ಐದು ಪರ್ಸೆಂಟ್ ರಿಯಾಯಿತಿ ತಗೊಂಡು. "ಅಲ್ಲಮ್ಮಾ, ಸಾಲ ತೀರಿದ ಮೇಲೂ ಇದು ಕಟ್ತಾನೇ ಇರಬೇಕಾ? ಹಂಗಾದ್ರೆ ಇದು ನಿನ್ನ ಮನೆ ಹೆಂಗಾಯ್ತು, ಸರ್ಕಾರಕ್ಕೆ ಬಾಡಿಗೆ ಕಟ್ಟಿದಂಗಲ್ವಾ?" ಅಂದ್ರು. ಇಲ್ಲಿ ರಾಜ್ಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲಪ್ಪಾ, ಸ್ಕೂಲು, ರಸ್ತೆ, ಪೊಲೀಸು ಬಹುಪಾಲು ಇದರಲ್ಲೇ ನಡೀಬೇಕು, ಬಿಲ್ಲಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕೂಲಿಗೇ ಹೋಗೋದು ಅಂದೆ. ಸ್ಕೂಲಿಗೆ ಅಂದಾಗ ಮುಖ ಸ್ವಲ್ಪ ಸಡಿಲ ಆಯ್ತು, ಮೊಮ್ಮಗಳ ಸ್ಕೂಲ್ ಲೈಬ್ರರಿ ನೋಡ್ಕೊಂಡು ಬಂದಿದ್ರು. ಆದ್ರೂ "ವಯಸ್ಸಾದವರ ಗತಿ ಏನು" ಅಂತ ಬಿಡಲಿಲ್ಲ. 65 ದಾಟಿದ್ರೆ ಇನ್ನೂ ಹೆಚ್ಚಿನ ವಿನಾಯಿತಿ ಇದೆ, ಸ್ಕೂಲ್ ತೆರಿಗೆ ಆ ವರ್ಷ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲುತ್ತೆ, ಮುಂದೆ ಏರಲ್ಲ, ಬೇಕಂದ್ರೆ ಮನೇಲಿರೋವರೆಗೂ ಕಟ್ಟೋದನ್ನೇ ಮುಂದೂಡಬಹುದು, ಅದಕ್ಕೆ ಬಡ್ಡಿ ಇದೆ ಅಂತ ಹೇಳಿದೆ. "ಅದೂ ಅರ್ಜಿ ಹಾಕಿದ್ರೇನಾ?" ಅಂದ್ರು. ಮೇಷ್ಟ್ರಿಗೆ ಸರಿಯಾದ ಜಾಗ ಸಿಕ್ಕಿತ್ತು.

ನಮ್ಮ ಬೀದಿ ಕೊನೇಲಿ ಒಬ್ಬರು ಅಜ್ಜಿ ಇದ್ದಾರೆ, ಇಲ್ಲಿಯವರೇ, ಹಿಂದಿನ ವರ್ಷ ಗಂಡ ತೀರಿಕೊಂಡಿದ್ರು. 65 ಆದವರ ವಿನಾಯಿತಿ ಇದ್ದಿದ್ದು ಗಂಡನ ಹೆಸರಲ್ಲಿ. ಹೆಂಡತಿಗೆ 55 ದಾಟಿದ್ರೆ ಆ ನಿಂತ ತೆರಿಗೆ ಅವರಿಗೂ ಮುಂದುವರಿಯುತ್ತೆ, ಅದಕ್ಕೂ ಕಾಗದ ಕೊಡಬೇಕು, ಆ ದುಃಖದಲ್ಲಿ ಅವರಿಗೆ ಅದೆಲ್ಲಾ ಎಲ್ಲಿ ಹೊಳೀಬೇಕು. ಅಪ್ಪ ಬೆಳಗ್ಗೆ ವಾಕಿಂಗಲ್ಲಿ ಅವರಿಗೆ ದಿನಾ ಕೈ ಮುಗೀತಿದ್ರು, ಅವರ ವಿಷಯ ಕೇಳಿದ ಮೇಲೆ "ಹೋಗಿ ಫಾರ್ಮ್ ತುಂಬಿಕೊಟ್ಟು ಬಾ" ಅಂತ ನನ್ನ ಹಿಂದೆ ಬಿದ್ರು. ಹೋದೆ. ಆವತ್ತಿಂದ ಅವರ ಹಿತ್ತಲಿನ ಪುದೀನ ನಮ್ಮನೆಗೆ ಬರುತ್ತೆ.

ಬಲಗೈ ಎತ್ತಿ

ಅದೇ ವರ್ಷ ಜುಲೈಯಲ್ಲಿ ನಮ್ಮ ಹಿಯರಿಂಗ್ ಇತ್ತು. ಹತ್ತರ ಮಿತಿಯಲ್ಲಿ ಏರ್ತಾ ಏರ್ತಾ ನಮ್ಮ ಬೆಲೆ 5,45,000 ದಾಟಿತ್ತು, ಡೆಸ್ಕಲ್ಲಿ ಮಾತು ಕೂಡಿಬರಲಿಲ್ಲ, ಹಾಗಾಗಿ ಇಂಥ ತಕರಾರು ಕೇಳಿ ತೀರ್ಮಾನ ಮಾಡೋ ಅಪ್ರೈಸಲ್ ರಿವ್ಯೂ ಬೋರ್ಡ್ ಮುಂದೆ. ಅಪ್ಪ ನಾನೂ ಬರ್ತೀನಿ ಅಂತ ಸ್ವೆಟರ್ ಹಾಕ್ಕೊಂಡು ಹೊರಟ್ರು, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಒಳಗೆ ಎಸಿ ಜಾಸ್ತಿ ಇರುತ್ತೆ ಅಂತ. ಚಿಕ್ಕ ರೂಮು, ಮೂರು ಜನ ಮೆಂಬರ್ಸು, ಈ ಕಡೆ ನಾನು, ಆ ಕಡೆ ಡಿಸ್ಟ್ರಿಕ್ಟಿನವರು. ಬಲಗೈ ಎತ್ತಿಸಿ ನಿಜಾನೇ ಹೇಳ್ತೀನಿ ಅಂತ ಪ್ರಮಾಣ ಮಾಡಿಸಿದ್ರು. ಡಿಸ್ಟ್ರಿಕ್ಟಿನವರು ತೋರಿಸೋ ಆಧಾರಗಳನ್ನ 14 ದಿನ ಮುಂಚೆ ನಾವು ಕೇಳಿ ತರಿಸಿಕೊಳ್ಳಬಹುದು, ತರಿಸ್ಕೊಂಡಿದ್ದೆ. ಅವರು ಹೋಲಿಸಿದ್ದ ಮನೆಗಳಲ್ಲಿ ಎರಡಕ್ಕೆ ಸ್ವಿಮ್ಮಿಂಗ್ ಪೂಲ್ ಇತ್ತು. ನಮ್ಮದಕ್ಕಿಲ್ಲ. ಮೇಲೆ ಈ ಕಡೆ ಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣಿನ ಥರ, ಮಳೇಲಿ ಉಬ್ಬುತ್ತೆ, ಬೇಸಿಗೇಲಿ ಬಿರಿಯುತ್ತೆ, ತಳಪಾಯ ಎಳೆದಾಡುತ್ತೆ. ಹಾಲಿನ ಗೋಡೆ ಬಿರುಕಿನ ಫೋಟೋ, ತಳಪಾಯ ರಿಪೇರಿಗೆ ತರಿಸಿದ ಕೊಟೇಶನ್ ಇಟ್ಟೆ. ಹದಿನೈದು ನಿಮಿಷ. ಒಬ್ಬರು ಮೆಂಬರ್ ಬಿರುಕು ಎಷ್ಟು ಅಗಲ ಅಂತ ಕೇಳಿದ್ರು, ಒಂದು ರೂಪಾಯಿ ನಾಣ್ಯದ ಅಂಚಷ್ಟು ಅನ್ನೋಕೆ ಹೋಗಿ ನಿಲ್ಲಿಸಿ ಕ್ವಾರ್ಟರ್ (ಇಲ್ಲಿನ 25 ಸೆಂಟಿನ ನಾಣ್ಯ) ಅಂದೆ. 5,20,000ಕ್ಕೆ ಇಳಿಸಿದ್ರು.

ಕಾರಲ್ಲಿ ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೂರು ಜನ ಕೂತು ಪೂರ್ತಿ ಕೇಳಿಸ್ಕೊಂಡ್ರಲ್ಲಮ್ಮಾ" ಅಂದ್ರು. ಇಳಿದ ಬೆಲೆ ಬಗ್ಗೆ ಒಂದು ಮಾತೂ ಆಡಲಿಲ್ಲ.

ನನಗೂ ಉಳಿದಿರೋದು ಅದೇ. ಗ್ರೀನ್ ಕಾರ್ಡ್ ಸಾಲಲ್ಲಿ ನಿಂತು ಎಷ್ಟು ವರ್ಷ ಆಗುತ್ತೋ ಗೊತ್ತಿಲ್ಲ. ಸ್ಕೂಲ್ ವಿನಾಯಿತಿ 2022ರಲ್ಲಿ 40 ಸಾವಿರ ಆಯ್ತು, 2023ರಲ್ಲಿ ಒಂದು ಲಕ್ಷ, 2025ರಲ್ಲಿ ಒಂದು ಲಕ್ಷ 40 ಸಾವಿರ, ಮೂರು ಸಲವೂ ಇಲ್ಲಿನ ಜನ ಓಟ್ ಹಾಕಿ ಮಾಡಿದ್ದು, ಮೂರು ಸಲವೂ ನಾನು ಲೈಬ್ರರಿ ಮುಂದೆ ಕ್ಯೂ ನೋಡ್ಕೊಂಡು ಕಾರ್ ಓಡಿಸ್ಕೊಂಡು ಹೋದವಳು. ಸ್ಕೂಲ್ ಬಾಂಡ್, ಅಂದ್ರೆ ಸ್ಕೂಲಿನವರು ಜನರ ಓಟ್ ಪಡೆದು ಎತ್ತೋ ಸಾಲ, ಬಂದ್ರೆ ಅದು ನನ್ನ ತೆರಿಗೆಯಲ್ಲೂ ತೀರುತ್ತೆ, ಬೇಕೋ ಬೇಡ್ವೋ ಅಂತ ನನ್ನ ಕೇಳಲ್ಲ. ಅದು ನೋವೇ, ಇಲ್ಲ ಅನ್ನಲ್ಲ. ಆದ್ರೆ ಆ ಚಿಕ್ಕ ರೂಮಲ್ಲಿ ಮಾತಾಡೋಕೆ ಓಟ್ ಬೇಕಾಗಿರಲಿಲ್ಲ, ಆಗಸ್ಟ್, ಸೆಪ್ಟೆಂಬರಲ್ಲಿ ಸಿಟಿ, ಸ್ಕೂಲಿನವರು ತೆರಿಗೆ ರೇಟ್ ನಿಗದಿ ಮಾಡೋ ಸಭೆಗಳಲ್ಲೂ ಬೇಕಾಗಿಲ್ಲ. ಹೋದ ವರ್ಷ ಒಂದಕ್ಕೆ ಹೋಗಿದ್ದೆ. ದೊಡ್ಡ ಹಾಲಲ್ಲಿ ಬಂದಿದ್ದವರು ಒಂಬತ್ತು ಜನ.

ಅಪ್ಪ ಊರಿಗೆ ಹೋದ ಮೇಲೆ ಒಂದಿನ ಫೋನ್ ಮಾಡಿದ್ರು. ಇಷ್ಟು ವರ್ಷ ಚಲನ್ ತಾವೇ ತುಂಬಿ ತಾವೇ ಕಟ್ಟಿಕೊಂಡು ಬಂದಿದ್ರು, ಹಳೇ ವರ್ಷದ್ದು ನೋಡಿ ಹಾಗೇ ಹೊಸದಕ್ಕೆ ಇಳಿಸೋದು. ಈ ಸಲ ಕೂತು ಒಂದೊಂದೇ ಸಾಲು ಓದಿದ್ರಂತೆ. ಕಟ್ಟಡದ ಅಳತೆಯಲ್ಲಿ ಹಿತ್ತಲಿನ ಕೊಟ್ಟಿಗೆ ಇನ್ನೂ ಇದೆ. ಅದು ಬಿದ್ದು ಹದಿನೈದು ವರ್ಷ ಆಯ್ತು, ಈಗ ಅಲ್ಲಿ ಅಮ್ಮನ ದಾಸವಾಳ ಗಿಡಗಳಿವೆ. "ಅರ್ಜಿ ಕೊಟ್ಟಿದೀನಿ ಕಣಮ್ಮಾ, ಅಳತೆಗೆ ಬರ್ತೀವಿ ಅಂದಿದಾರೆ. ದಾಸವಾಳ ಗಿಡದ ಫೋಟೋ ತೆಗೆದಿಟ್ಟಿದೀನಿ, ತಾರೀಕು ಬರೋ ಹಂಗೆ," ಅಂದ್ರು.